ಮೂತ್ರಾಲಯದ ನಾತಕ್ಕೆ ತೊಳೆಯುವವನು ಕಾರಣನಲ್ಲ

ಕುಮಟಾದಿಂದ ಹೊನ್ನಾವರಕ್ಕೆ ಹೋಗುವ ಹೆದ್ದಾರಿಯ ಪಕ್ಕದ ಒಂದು ಊಟದ ಹೋಟೆಲಿನವರು ಏಪ್ರಿಲ್ ತಿಂಗಳ ಸೆಕೆಯಲ್ಲಿ ನನ್ನನ್ನು ಕರೆಸಿದ್ದರು. ಮೀನೂಟಕ್ಕೆ ಹೆಸರಾದ ಜಾಗ. ಮಧ್ಯಾಹ್ನ ಒಂದು ಗಂಟೆಗೆ ಕುರ್ಚಿ ಸಿಗುವುದಿಲ್ಲ. ಆದರೆ ಗಾಳಿ ಸ್ವಲ್ಪ ತಿರುಗಿದರೆ ಸಾಕು, ಹಿಂಬದಿಯ ಮೂತ್ರಾಲಯದ ನಾತ ಊಟದ ಮೇಜಿನವರೆಗೆ ಬರುತ್ತಿತ್ತು. “ದಿನಕ್ಕೆ ನಾಲ್ಕು ಸಲ ತೊಳೆಸುತ್ತೇನೆ ಮಾರಾಯರೆ. ಫಿನಾಯಿಲ್ ಹಾಕಿಸುತ್ತೇನೆ, ಬ್ಲೀಚಿಂಗ್ ಪೌಡರ್ ಹಾಕಿಸುತ್ತೇನೆ. ಕೆಲಸದವರನ್ನು ಎರಡು ಸಲ ಬದಲಾಯಿಸಿದೆ. ಇವನೂ ಅಷ್ಟೇ” ಎಂದು ಮಾಲೀಕರು ಬೇಸರ ಮಾಡಿಕೊಂಡರು. ಆ ‘ಇವನು’ ಬ್ರಷ್ ಹಿಡಿದು ಎರಡು ಮಾರು ದೂರದಲ್ಲಿ ನೆಲ ನೋಡುತ್ತ ನಿಂತಿದ್ದ. ಅರವತ್ತರ ಹತ್ತಿರದ ವಯಸ್ಸು.

ಗೋಡೆಯಲ್ಲಿದ್ದ ಮೂರು ಯೂರಿನಲ್ ಬೇಸಿನ್‌ಗಳನ್ನು ನೋಡಿದೆ. ಹಾಲಿನಂತೆ ಬೆಳ್ಳಗಿದ್ದವು. ಅಂಚಿನ ಕೆಳಗೆ ಬೆರಳಾಡಿಸಿದರೂ ಜಿಡ್ಡು ಹತ್ತಲಿಲ್ಲ. ಆ ಮನುಷ್ಯ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿದ್ದ. ಆಮೇಲೆ ನಡುವಿನ ಬೇಸಿನ್ನಿನ ಕೆಳಗೆ ಕುಳಿತು, ಬಾಲ್ದಿ ಇಟ್ಟು, ಸ್ವಲ್ಪ ನೀರು ಹಿಡಿದಿಟ್ಟುಕೊಂಡು ಒಳಗಿನ ನಾತ ಮೇಲೆ ಬಾರದಂತೆ ತಡೆಯುವ ಬಾಟಲ್ ಟ್ರ್ಯಾಪ್ ತಿರುಚಿ ಬಿಚ್ಚಿದೆ. ಕಣ್ಣಲ್ಲಿ ನೀರು ಬಂತು. ಅದರಿಂದ ಗೋಡೆಯೊಳಕ್ಕೆ ಹೋಗುವ ಒಂದೂವರೆ ಇಂಚಿನ ಪೈಪಿನಲ್ಲಿ ಕಿರುಬೆರಳು ತೂರುವಷ್ಟು ದಾರಿ ಮಾತ್ರ ಉಳಿದಿತ್ತು. ಉಳಿದದ್ದೆಲ್ಲ ಕಲ್ಲು. ಹಳೆಯ ಬೆಲ್ಲದ ಬಣ್ಣ, ಮುರಿದರೆ ಒಳಗೆ ಪದರ ಪದರ, ಉಗುರಿನಿಂದ ಗೀರಿದರೆ ಉದುರುವ ಹಳದಿ ಪುಡಿ. ಹೊಳೆಯುತ್ತಿದ್ದ ಬೇಸಿನ್ನಿನಿಂದ ಒಂದು ಗೇಣು ಕೆಳಗೆ, ಯಾವ ಬ್ರಷ್ಷೂ ತಲುಪದ ಜಾಗದಲ್ಲಿ, ನಾತದ ಮನೆ ಇತ್ತು.

ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ ಪೇಟೆಯವರೆಗೆ, ಲಾಡ್ಜು, ಹೋಟೆಲು, ಕಚೇರಿಗಳ ನೀರಿನ ಪೈಪು ರಿಪೇರಿ ಮಾಡಿಸುವುದು ನನ್ನ ಕೆಲಸ. ಎಲ್ಲ ಕಡೆಯೂ ಇದೇ ದೂರು, ಬೈಗುಳಕ್ಕೆ ಗುರಿಯಾಗುವವನೂ ಅದೇ ಒಬ್ಬನು. ನಾತವೂ ಕಲ್ಲೂ ಎರಡು ಬೇರೆ ಬೇರೆ ತೊಂದರೆಗಳೆಂದು ಜನ ತಿಳಿದಿದ್ದಾರೆ. ಅವು ಒಂದೇ ತಾಯಿಯ ಮಕ್ಕಳು. ಇದು ತಲೆಗೆ ಹೋದರೆ ಏನು ಮಾಡಬೇಕು, ಏನು ಮಾಡಬಾರದು ಎಂಬುದು ತಾನಾಗಿಯೇ ತಿಳಿಯುತ್ತದೆ.

ಆಗ ತಾನೇ ದೇಹದಿಂದ ಹೊರಬಂದ ಮೂತ್ರಕ್ಕೆ ಅಂಥ ಕೆಟ್ಟ ವಾಸನೆ ಇರುವುದಿಲ್ಲ. ಅದರಲ್ಲಿ ಸುಮಾರು ಶೇಕಡಾ 95 ನೀರು. ಉಳಿದದ್ದರಲ್ಲಿ ದೊಡ್ಡ ಪಾಲು ಯೂರಿಯಾ; ನಾವು ತಿಂದ ಬೇಳೆ, ಮೀನು, ಮಾಂಸಗಳ ಸಾರಜನಕವನ್ನು ದೇಹ ಹೊರಹಾಕುವ ದಾರಿ ಅದು. ದೊಡ್ಡವರ ದೇಹದಿಂದ ದಿನಕ್ಕೆ 20ರಿಂದ 30 ಗ್ರಾಂ ಯೂರಿಯಾ ಹೊರಬೀಳುತ್ತದೆ. ನಾವು ಗದ್ದೆಗೆ ಎರಚುವ ಚೀಲದ ಯೂರಿಯಾ ಕೂಡ ಇದೇ ವಸ್ತು, ಅಣುವಿನಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. 1828ರಲ್ಲಿ ಜರ್ಮನಿಯ ಫ್ರೀಡ್ರಿಕ್ ವೋಲರ್ ಇದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದಾಗ, ಜೀವಿಯ ದೇಹದೊಳಗೆ ಮಾತ್ರ ಹುಟ್ಟುವುದೆಂದು ನಂಬಿದ್ದ ವಸ್ತುವನ್ನು ಗಾಜಿನ ಪಾತ್ರೆಯಲ್ಲಿ ಮಾಡಬಹುದೆಂದು ಜಗತ್ತಿಗೆ ತಿಳಿಯಿತು. ಯೂರಿಯಾ ಚೀಲ ಒಣಗಿದ್ದಷ್ಟು ದಿನ ಮೂಗಿಗೆ ಏನೂ ಮಾಡುವುದಿಲ್ಲ. ಹಸಿ ಮಣ್ಣಿನ ಮೇಲೆ ಎರಚಿ ಒಂದೆರಡು ದಿನ ಬಿಟ್ಟು ಬಗ್ಗಿ ನೋಡಿದರೆ ಮೂಗಿಗೆ ಸಣ್ಣಗೆ ಚುಚ್ಚುತ್ತದೆ. ಆ ಚುಚ್ಚುವ ಗಾಳಿಯ ಹೆಸರು ಅಮೋನಿಯಾ.

ಯೂರಿಯಾವನ್ನು ಒಡೆದು ಅಮೋನಿಯಾ ಮಾಡುವುದು ಯೂರಿಯೇಸ್ ಎಂಬ ಕಿಣ್ವ. ಮಣ್ಣಿನಲ್ಲಿ, ಕೊಟ್ಟಿಗೆಯಲ್ಲಿ, ಮೂತ್ರಾಲಯದ ಪೈಪಿನಲ್ಲಿ ವಾಸಿಸುವ ಹಲವು ಬಗೆಯ ಬ್ಯಾಕ್ಟೀರಿಯಾಗಳು ಇದನ್ನು ತಯಾರಿಸುತ್ತವೆ. ಸೋಯಾ ಕಾಳಿನಲ್ಲಿ, ಕಲ್ಲಂಗಡಿ ಬೀಜದಲ್ಲಿ ಕೂಡ ಇದು ಇದೆ. 1926ರಲ್ಲಿ ಅಮೆರಿಕದ ಜೇಮ್ಸ್ ಸಮ್ನರ್ ಜಾಕ್ ಬೀನ್ ಎಂಬ ಅವರೆಯ ಜಾತಿಯ ಕಾಳಿನಿಂದ ಇದನ್ನು ಹರಳಾಗಿ ಬೇರ್ಪಡಿಸಿ, ಕಿಣ್ವಗಳು ಪ್ರೋಟೀನುಗಳೆಂದು ತೋರಿಸಿದರು. ಅದಕ್ಕಾಗಿ 1946ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಇಷ್ಟು ದೊಡ್ಡ ಚರಿತ್ರೆಯ ವಸ್ತು ನಮ್ಮ ಹೋಟೆಲಿನ ಹಿಂಬದಿಯಲ್ಲಿ ಹಗಲೂ ರಾತ್ರಿ ಕೆಲಸ ಮಾಡುತ್ತಿದೆ. ಸ್ವಚ್ಛವಾದ ಬಾಟಲಿಯಲ್ಲಿ ಮುಚ್ಚಿಟ್ಟ ಮೂತ್ರ ಕೆಡುವುದಕ್ಕೆ ದಿನಗಳೇ ಬೇಕು. ಆ ಬ್ಯಾಕ್ಟೀರಿಯಾಗಳು ಮನೆ ಮಾಡಿಕೊಂಡ ಹಳೆಯ ಪೈಪಿನಲ್ಲಿ ಅದೇ ಕೆಲಸ ಗಂಟೆಗಳಲ್ಲಿ ಶುರುವಾಗುತ್ತದೆ. ಸೆಕೆ ಹೆಚ್ಚಿದಷ್ಟೂ ವೇಗ ಹೆಚ್ಚು. ನಮ್ಮ ಕರಾವಳಿಯ ಏಪ್ರಿಲ್, ಮೇ ತಿಂಗಳುಗಳಿಗಿಂತ ಹಿತವಾದ ಹವೆ ಅವಕ್ಕೆ ಬೇರೆಲ್ಲಿ ಸಿಗಬೇಕು?

ಈಗ ಕಲ್ಲಿನ ವಿಷಯ. ಹುಳಿ ಮತ್ತು ಕ್ಷಾರವನ್ನು ಅಳೆಯಲು ಪಿಎಚ್ ಎಂಬ ಅಳತೆಗೋಲು ಇದೆ. ಏಳು ನಡುವಿನ ಗುರುತು; ಅದಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ತಾಜಾ ಮೂತ್ರ ಸಾಮಾನ್ಯವಾಗಿ ಆರರ ಆಸುಪಾಸಿನಲ್ಲಿ, ಅಂದರೆ ತುಸು ಹುಳಿಯ ಕಡೆಗೆ ಇರುತ್ತದೆ. ಯೂರಿಯಾ ಒಡೆದು ಅಮೋನಿಯಾ ತುಂಬಿಕೊಂಡಂತೆ ಅದು ಒಂಬತ್ತಕ್ಕೆ ಏರುತ್ತದೆ. ಈ ಅಳತೆಯಲ್ಲಿ ಒಂದು ಮೆಟ್ಟಿಲು ಎಂದರೆ ಹತ್ತು ಪಟ್ಟು. ಮೂರು ಮೆಟ್ಟಿಲು ಎಂದರೆ ಸಾವಿರ ಪಟ್ಟು. ಮೂತ್ರದಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಫಾಸ್ಫೇಟ್‌ಗಳು ಮೊದಲಿನಿಂದಲೂ ಕರಗಿಕೊಂಡೇ ಇರುತ್ತವೆ. ಹುಳಿ ಇರುವವರೆಗೆ ಅವು ನೀರಿನಲ್ಲಿ ಸುಮ್ಮನಿರುತ್ತವೆ. ಕ್ಷಾರ ಏರಿದ ಕೂಡಲೇ ಒಂದನ್ನೊಂದು ಹಿಡಿದುಕೊಂಡು ಹರಳಾಗಿ ಕೆಳಗೆ ಕೂರುತ್ತವೆ.

ಹಾಗೆ ಕೂರುವವು ಮುಖ್ಯವಾಗಿ ಮೂರು ಬಗೆ. ಒಂದು ಕ್ಯಾಲ್ಸಿಯಂ ಫಾಸ್ಫೇಟ್, ನಮ್ಮ ಮೂಳೆಯ ಖನಿಜದ ಬಂಧು. ಇನ್ನೊಂದು ಕ್ಯಾಲ್ಸಿಯಂ ಕಾರ್ಬೊನೇಟ್, ಅಘನಾಶಿನಿ ಅಳಿವೆಯಲ್ಲಿ ಆರಿಸಿ ತಂದು ಸುಣ್ಣ ಸುಡುತ್ತಿದ್ದ ಚಿಪ್ಪಿಯೂ ಇದರದೇ. ಮೂರನೆಯದು ಸ್ಟ್ರುವೈಟ್. ಮೆಗ್ನೀಸಿಯಂ, ಅಮೋನಿಯಾ, ಫಾಸ್ಫೇಟ್ ಮೂರೂ ಸೇರಿ ಆಗುವ ಈ ಹರಳಿಗೆ 1845ರಲ್ಲಿ ಹೈನ್ರಿಕ್ ಫಾನ್ ಸ್ಟ್ರೂವ್ ಎಂಬವರ ಗೌರವಾರ್ಥ ಆ ಹೆಸರು ಬಂತು. ಮೂತ್ರಪಿಂಡಕ್ಕೆ ಸೋಂಕು ತಗುಲಿದಾಗ ಬೆಳೆಯುವ ಒಂದು ಬಗೆಯ ಕಲ್ಲು ಕೂಡ ಇದೇ ಸ್ಟ್ರುವೈಟ್. ಅಲ್ಲಿಯೂ ಯೂರಿಯೇಸ್ ಇರುವ ಬ್ಯಾಕ್ಟೀರಿಯಾಗಳದೇ ಕೈವಾಡ. ದೇಹದೊಳಗೆ ನಡೆಯುವುದೂ ಪೈಪಿನೊಳಗೆ ನಡೆಯುವುದೂ ಒಂದೇ ರಸಾಯನ ಕ್ರಿಯೆ.

ನಾತ ಕೊಡುವ ಅಮೋನಿಯಾವೇ ಕಲ್ಲನ್ನು ಕೂರಿಸುತ್ತದೆ, ಕೆಲವೊಮ್ಮೆ ಕಲ್ಲಿನ ಭಾಗವೂ ಆಗುತ್ತದೆ. ಆಮೇಲೆ ಕಲ್ಲು ಆ ಋಣ ತೀರಿಸುತ್ತದೆ. ಪಿಂಗಾಣಿಯ ನುಣುಪಿನ ಮೇಲೆ ಬ್ಯಾಕ್ಟೀರಿಯಾಗಳಿಗೆ ಹಿಡಿತ ಸಿಗುವುದಿಲ್ಲ. ಕಲ್ಲಿನ ಒರಟು ಸಂದುಗೊಂದುಗಳಲ್ಲಿ ಲೋಳೆ ಕಟ್ಟಿಕೊಂಡು ಕೋಟೆಯೊಳಗಿದ್ದಂತೆ ಇರುತ್ತವೆ. ಮೇಲಿಂದ ಎಷ್ಟು ನೀರು ಹರಿದರೂ ಅವಕ್ಕೆ ತಾಗುವುದಿಲ್ಲ. ಹೊಸ ಮೂತ್ರ ಬರುತ್ತದೆ, ಒಡೆಯುತ್ತದೆ, ಮತ್ತೊಂದು ಪದರ ಕೂರುತ್ತದೆ. ಪೈಪು ಕಿರಿದಾದಷ್ಟೂ ನೀರು ನಿಧಾನವಾಗುತ್ತದೆ, ನಿಧಾನವಾದಷ್ಟೂ ಮೂತ್ರ ಹೆಚ್ಚು ಹೊತ್ತು ನಿಲ್ಲುತ್ತದೆ.

ಇದನ್ನು ಕಣ್ಣಾರೆ ನೋಡಲು ಯಾವ ಉಪಕರಣವೂ ಬೇಡ. ಆ ಹೋಟೆಲಿನ ಅಡುಗೆಮನೆಯಿಂದ ಒಂದು ಚಿಟಿಕೆ ಅರಿಶಿನ ತರಿಸಿ, ನೀರಿನಲ್ಲಿ ಕದಡಿ, ಬಿಳಿ ಬಟ್ಟೆಯ ಚೂರನ್ನು ಅದರಲ್ಲಿ ಅದ್ದಿ ಹಿಂಡಿದೆ. ಹಳದಿ ಬಟ್ಟೆಯ ಒಂದು ತುದಿಯನ್ನು ನಲ್ಲಿಯ ನೀರಿಗೆ, ಇನ್ನೊಂದು ತುದಿಯನ್ನು ಟ್ರ್ಯಾಪಿನಿಂದ ಬಾಲ್ದಿಗೆ ಸುರಿದ ನೀರಿಗೆ ತಾಗಿಸಿದೆ. ನಲ್ಲಿ ನೀರಿನ ತುದಿ ಹಳದಿಯಾಗಿಯೇ ಉಳಿಯಿತು. ಟ್ರ್ಯಾಪಿನ ನೀರು ತಾಗಿದ ತುದಿ ಕೆಂಪಡರಿತು. ಆರತಿಗೆ ಅರಿಶಿನ ಮತ್ತು ಸುಣ್ಣ ಕಲಸಿ ಕೆಂಪು ನೀರು ಮಾಡುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರಿಶಿನ ಕ್ಷಾರಕ್ಕೆ ಕೆಂಪಾಗುತ್ತದೆ. ಅಲ್ಲಿ ಸುಣ್ಣ ಮಾಡುವ ಕೆಲಸವನ್ನು ಇಲ್ಲಿ ಅಮೋನಿಯಾ ಮಾಡಿತು. ನಂತರ ನಡುವಿನ ಪೈಪಿನಿಂದ ಕಿತ್ತ ಕಲ್ಲಿನ ಚೂರನ್ನು ಲಿಂಬೆರಸದ ಬಟ್ಟಲಿಗೆ ಹಾಕಿದೆ. ಸಣ್ಣ ಗುಳ್ಳೆಗಳು ಎದ್ದವು; ಅದು ಕಾರ್ಬೊನೇಟ್ ಕರಗುತ್ತಿದ್ದ ಗುರುತು. ಫಾಸ್ಫೇಟ್ ಮತ್ತು ಸ್ಟ್ರುವೈಟ್‌ಗಳು ಗುಳ್ಳೆ ಎಬ್ಬಿಸದೆ ಮೆಲ್ಲನೆ ಕರಗುತ್ತವೆ. ಮಾಲೀಕರು ಬಟ್ಟಲನ್ನೇ ನೋಡುತ್ತಿದ್ದರು. ಬ್ರಷ್ ಹಿಡಿದಿದ್ದ ಹಿರಿಯನೂ ಹತ್ತಿರ ಬಂದು ಬಗ್ಗಿದ.

ಪರಿಹಾರ ಆ ಬಟ್ಟಲಲ್ಲಿಯೇ ಇತ್ತು. ಹುಳಿ ಏಕಕಾಲಕ್ಕೆ ಎರಡು ಕೆಲಸ ಮಾಡುತ್ತದೆ. ಕಲ್ಲನ್ನು ಕರಗಿಸುತ್ತದೆ. ಜೊತೆಗೆ, ಗಾಳಿಗೆ ಹಾರುವ ಅಮೋನಿಯಾವನ್ನು ಅಮೋನಿಯಂ ಎಂಬ ಹಾರದ ಲವಣವಾಗಿ ಬದಲಾಯಿಸಿ ನೀರಿನಲ್ಲಿಯೇ ಕಟ್ಟಿಹಾಕುತ್ತದೆ. ನಮ್ಮ ಮನೆಗಳಲ್ಲಿ ತಾಮ್ರದ ಹಂಡೆಯನ್ನು ಹುಣಸೆಹಣ್ಣಿನಿಂದ, ಮುರುಗಲು ಸಿಪ್ಪೆಯಿಂದ ತಿಕ್ಕುವ ಹೆಂಗಸರಿಗೆ ಕಿಟ್ಟಕ್ಕೆ ಹುಳಿಯೇ ಮದ್ದೆಂಬುದು ತಲೆಮಾರುಗಳಿಂದ ಗೊತ್ತು. ಮೂತ್ರಾಲಯದ ವಿಷಯಕ್ಕೆ ಬಂದಾಗ ಮಾತ್ರ ನಾವು ಅದನ್ನು ಮರೆತು ತದ್ವಿರುದ್ಧ ದಾರಿ ಹಿಡಿಯುತ್ತೇವೆ.

ಆ ತದ್ವಿರುದ್ಧ ದಾರಿಯ ಮೊದಲ ಹೆಜ್ಜೆ ಬ್ಲೀಚಿಂಗ್ ಪೌಡರ್. ಸುಣ್ಣಕ್ಕೆ ಕ್ಲೋರಿನ್ ಹಾಯಿಸಿ ಮಾಡುವ ಪುಡಿ ಅದು. ಕುಡಿಯುವ ಬಾವಿಗೆ ಹಾಕಲು, ನೆಲದ ಮೇಲಿನ ರೋಗಾಣು ಕೊಲ್ಲಲು ಬಹಳ ಒಳ್ಳೆಯದು. ಆದರೆ ಕಲ್ಲು ಕಟ್ಟಿದ ಯೂರಿನಲ್ಲಿಗೆ ಅದನ್ನು ಸುರಿದರೆ ಏನಾಗುತ್ತದೆ? ಅದು ತಾನೇ ಕಡು ಕ್ಷಾರ, ಜೊತೆಗೆ ಕ್ಯಾಲ್ಸಿಯಂ ಕೊಂಡುತರುತ್ತದೆ. ಕಲ್ಲಿಗೆ ಬೇಕಾದ ಎರಡನ್ನೂ ನಾವೇ ಕೈಯಾರೆ ಕೊಟ್ಟಂತಾಯಿತು. ಅದರ ಕ್ಲೋರಿನ್ ಕಲ್ಲಿನೊಳಗಿನ ಬ್ಯಾಕ್ಟೀರಿಯಾಗಳನ್ನು ತಲುಪುವ ಮೊದಲೇ ಅಮೋನಿಯಾದೊಂದಿಗೆ ಸೇರಿ ಕ್ಲೋರಮೀನ್ ಎಂಬ ಅನಿಲವಾಗುತ್ತದೆ. ತೊಳೆಯುವವರ ಕಣ್ಣು ಉರಿಯುವುದು, ಗಂಟಲು ಕೆರೆಯುವುದು ಇದರಿಂದಲೇ. ಆ ಹೋಟೆಲಿನವರು ವರ್ಷಗಟ್ಟಲೆ ಸುರಿದ ಪೌಡರು ನಾತವನ್ನು ಕಡಿಮೆ ಮಾಡಿರಲಿಲ್ಲ, ಪೈಪಿನ ಕಲ್ಲನ್ನು ದಪ್ಪಮಾಡಿತ್ತು.

ನುಸಿಗುಳಿಗೆಯ ಬಗ್ಗೆ ನನಗೆ ಸಿಟ್ಟೇ ಇದೆ. ಬೇಸಿನ್ನಿಗೆ ನಾಲ್ಕು ಬಿಳಿ ಗುಳಿಗೆ ಹಾಕಿದರೆ ಕೆಲಸ ಮುಗಿಯಿತೆಂದು ಅನೇಕರು ನಂಬಿದ್ದಾರೆ. ಗುಳಿಗೆ ಕಲ್ಲನ್ನೂ ಮುಟ್ಟುವುದಿಲ್ಲ, ಅಮೋನಿಯಾವನ್ನೂ ಮುಟ್ಟುವುದಿಲ್ಲ. ಒಂದು ವಾಸನೆಯ ಮೇಲೆ ಇನ್ನೊಂದನ್ನು ಹೊದಿಸುತ್ತದೆ, ಸವೆದ ಮೇಲೆ ಜಾಲರಿಯ ತೂತಿಗೆ ಸಿಕ್ಕಿಕೊಳ್ಳುತ್ತದೆ. ಹುಟ್ಟಿನಿಂದಲೇ ಒಂದು ಕಿಣ್ವದ ಕೊರತೆ ಇರುವವರಲ್ಲಿ ಈ ಗುಳಿಗೆಯ ನ್ಯಾಫ್ತಲೀನ್ ರಕ್ತಕಣಗಳನ್ನು ಒಡೆಯಬಲ್ಲದು. ಪುಟ್ಟ ಮಕ್ಕಳು ಓಡಾಡುವ ಜಾಗದಲ್ಲಿ ಮಿಠಾಯಿಯಂತೆ ಕಾಣುವ ಆ ಗುಳಿಗೆಗಳನ್ನು ಇಡಲೇಬಾರದು. ಫಿನಾಯಿಲ್ ಅಷ್ಟು ಕೆಟ್ಟದ್ದಲ್ಲ. ನೆಲಕ್ಕೆ ಸರಿ, ಟ್ರ್ಯಾಪಿಗೆ ನಿರುಪಯೋಗಿ.

ಇನ್ನು ಆಸಿಡ್. ಅಂಗಡಿಯಲ್ಲಿ ‘ಆಸಿಡ್’ ಎಂದು ಸಿಗುತ್ತಿದ್ದ ಹೊಗೆಯಾಡುವ ದ್ರವ ಹೈಡ್ರೋಕ್ಲೋರಿಕ್ ಆಮ್ಲ. 2013ರಲ್ಲಿ ಸುಪ್ರೀಂ ಕೋರ್ಟ್ ಆಸಿಡ್‌ನ ಚಿಲ್ಲರೆ ಮಾರಾಟಕ್ಕೆ ಕಡಿವಾಣ ಹಾಕಿತು. ಕೊಳ್ಳುವವರು ಗುರುತಿನ ಚೀಟಿ ತೋರಿಸಿ ದಾಖಲೆಯಲ್ಲಿ ಬರೆಸಬೇಕು. ಹೆಸರುವಾಸಿ ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಇದೇ ಆಮ್ಲ ತೆಳುವಾಗಿ, ಸುಮಾರು ಶೇಕಡಾ 10ರಷ್ಟು ಇರುತ್ತದೆ. ಕಲ್ಲನ್ನು ಅದು ಚೆನ್ನಾಗಿ ಕರಗಿಸುತ್ತದೆ, ನಿಜ. ಆದರೆ ಕಲ್ಲಿನ ಜೊತೆಗೆ ಬೇಸಿನ್ನಿನ ತೂತಿಗೆ ಕೂರಿಸಿದ ಕ್ರೋಮ್ ಹೊಳಪಿನ ವೇಸ್ಟ್ ಕಪ್ಲಿಂಗ್, ಸ್ಟೀಲ್ ಜಾಲರಿ, ಟೈಲ್ಸ್ ಸಂದಿನ ಸಿಮೆಂಟ್, ಬೇಸಿನ್‌ಗಳ ನಡುವೆ ನಿಲ್ಲಿಸಿದ ಕಡಪ ಕಲ್ಲು ಎಲ್ಲವನ್ನೂ ತಿನ್ನುತ್ತದೆ. ಸವೆದ ಸಂದಿನಲ್ಲಿ ಮೂತ್ರ ಇಂಗಿ ನಾತ ಇನ್ನೂ ಆಳಕ್ಕೆ ಹೋಗುತ್ತದೆ. ಎಲ್ಲಕ್ಕಿಂತ ಅಪಾಯದ ಮಾತು ಬೇರೆ: ಬ್ಲೀಚಿಂಗ್ ಪೌಡರ್ ಇರುವ ಜಾಗಕ್ಕೆ ಯಾವುದೇ ಆಮ್ಲ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಇಲ್ಲದ ಸಣ್ಣ ಕೋಣೆಯಲ್ಲಿ ಅದು ಪುಪ್ಪುಸವನ್ನು ಸುಡುತ್ತದೆ, ಜೀವವನ್ನೂ ತೆಗೆಯಬಲ್ಲದು. ಬೆಳಿಗ್ಗೆ ಒಬ್ಬರು ಪೌಡರ್ ಹಾಕಿ ಹೋಗಿರುತ್ತಾರೆ, ಮಧ್ಯಾಹ್ನ ಇನ್ನೊಬ್ಬರು ಅದನ್ನು ತಿಳಿಯದೆ ಆಸಿಡ್ ಸುರಿಯುತ್ತಾರೆ. ಎರಡನ್ನೂ ಒಂದೇ ಕಪಾಟಿನಲ್ಲಿ ಇಡದಿರುವುದೇ ಇದಕ್ಕೆ ನಾನು ಕಂಡ ಒಳ್ಳೆಯ ದಾರಿ.

ನಾನು ಬಳಸುವುದು ಸಿಟ್ರಿಕ್ ಆಮ್ಲ ಅಥವಾ ಸಲ್ಫಾಮಿಕ್ ಆಮ್ಲ. ಎರಡೂ ಸಕ್ಕರೆಯಂಥ ಹರಳಾಗಿ ಸಿಗುತ್ತವೆ, ಹೊಗೆ ಏಳುವುದಿಲ್ಲ. ಲೋಹಕ್ಕೆ ಅಷ್ಟು ಕೆಡುಕಿಲ್ಲ. ಕಡಪ ಕಲ್ಲು, ಸಿಮೆಂಟಿನ ಮೇಲೆ ಮಾತ್ರ ಇವೂ ಚೆಲ್ಲದಂತೆ ನೋಡಿಕೊಳ್ಳಬೇಕು. ಆ ಹೋಟೆಲಿನಲ್ಲಿ ಮೂರೂ ಟ್ರ್ಯಾಪ್‌ಗಳನ್ನು ಬಿಚ್ಚಿ, ಲೀಟರಿಗೆ 100 ಗ್ರಾಂ ಸಿಟ್ರಿಕ್ ಆಮ್ಲ ಕದಡಿದ ಉಗುರುಬೆಚ್ಚಗಿನ ನೀರಿನ ಬಾಲ್ದಿಯಲ್ಲಿ ರಾತ್ರಿಯಿಡೀ ಮುಳುಗಿಸಿಟ್ಟೆವು. ಕುದಿಯುವ ನೀರು ಬೇಡ. ಬಿಸಿಯಲ್ಲಿ ಕ್ಯಾಲ್ಸಿಯಂ ಸಿಟ್ರೇಟ್ ಇನ್ನೊಂದು ಬಿಳಿ ಪದರವಾಗಿ ಕೂರುವುದುಂಟು, ಪಿವಿಸಿ ಪೈಪೂ ಬಾಗುತ್ತದೆ. ಗೋಡೆಯೊಳಗಿನ ಪೈಪಿಗೆ ಅದೇ ದ್ರಾವಣವನ್ನು ಅರ್ಧ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪವಾಗಿ ಸುರಿದೆವು. ಬೆಳಿಗ್ಗೆ ಟ್ರ್ಯಾಪಿನ ಕಲ್ಲು ನೆನೆದ ರೊಟ್ಟಿಯಂತೆ ಮೆತ್ತಗಾಗಿತ್ತು. ಗೋಡೆಯೊಳಗಿನದು ಎರಡು ರಾತ್ರಿ ತೆಗೆದುಕೊಂಡಿತು. ಮೂರನೆಯ ದಿನ ಬಳುಕುವ ತಂತಿ ಹಾಕಿ ಎಳೆದಾಗ ಚಿಪ್ಪುಗಳಂತೆ ಕಳಚಿ ಬಂತು. ಆ ಹಿರಿಯ ಒಂದು ಚಿಪ್ಪನ್ನು ಕೈಗವಸಿನ ಅಂಗೈಯಲ್ಲಿ ಇಟ್ಟುಕೊಂಡು, “ಇದನ್ನು ನಾನು ಬ್ರಷ್ಷಿನಲ್ಲಿ ಹೇಗೆ ತೆಗೆಯಲಿ ಹೇಳಿ” ಎಂದು ಮಾಲೀಕರನ್ನು ಕೇಳಿದ. ಮಾಲೀಕರು ತಲೆಯಾಡಿಸಿ, “ಇಲ್ಲ, ಆಗುವುದಿಲ್ಲ” ಎಂದರು. ಕೈಗವಸು, ಕಣ್ಣಿಗೆ ಕನ್ನಡಕ, ತೆರೆದ ಬಾಗಿಲು, ಇವು ಇಲ್ಲದೆ ಯಾವ ಆಮ್ಲವನ್ನೂ ಮುಟ್ಟಿಸಬಾರದು. ಹರಳಿನದ್ದಾದರೂ ಅದು ಆಮ್ಲವೇ.

ಒಮ್ಮೆ ಬಿಡಿಸಿದ ಕಲ್ಲು ಮತ್ತೆ ಕಟ್ಟದಂತೆ ನೋಡಿಕೊಳ್ಳುವುದು ದೊಡ್ಡ ಕೆಲಸವಲ್ಲ, ಆದರೆ ಹೊತ್ತು ಮುಖ್ಯ. ಎಲ್ಲ ಕಡೆಯೂ ಮೂತ್ರಾಲಯವನ್ನು ಚೆನ್ನಾಗಿ ತೊಳೆಯುವುದು ಬೆಳಿಗ್ಗೆ. ಕಲ್ಲು ಕಟ್ಟುವುದು ರಾತ್ರಿ. ಹಗಲು ಜನ ಬರುತ್ತಲೇ ಇರುತ್ತಾರೆ, ಟ್ರ್ಯಾಪಿನೊಳಗಿನದು ಬದಲಾಗುತ್ತಲೇ ಇರುತ್ತದೆ. ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕಿದರೆ ಕೊನೆಯ ಗಿರಾಕಿಯ ಮೂತ್ರ ಬೆಳಗಿನವರೆಗೆ ಏಳೆಂಟು ಗಂಟೆ ಅಲ್ಲಿಯೇ ನಿಂತು ಒಡೆಯುತ್ತದೆ. ಬೆಳಿಗ್ಗೆ ಬಾಗಿಲು ತೆಗೆದವರ ಮುಖಕ್ಕೆ ಹೊಡೆಯುವುದು ಅದೇ. ಹಾಗಾಗಿ ಬಾಗಿಲು ಹಾಕುವ ಮುನ್ನ ಪ್ರತಿ ಬೇಸಿನ್ನಿಗೆ ಅರ್ಧ ಬಾಲ್ದಿ ನೀರು ಸುರಿದು, ಆಮೇಲೆ ಲೀಟರಿಗೆ 50 ಗ್ರಾಂ ಸಿಟ್ರಿಕ್ ಆಮ್ಲ ಕದಡಿದ ನೀರನ್ನು ಒಂದು ದೊಡ್ಡ ಲೋಟದಷ್ಟು ಮೆಲ್ಲಗೆ ಹಾಕಿ ಬಿಡಬೇಕು. ಟ್ರ್ಯಾಪ್ ರಾತ್ರಿಯಿಡೀ ಹುಳಿಯಲ್ಲಿ ಇರುತ್ತದೆ. ಹುಳಿಯಲ್ಲಿ ಯೂರಿಯೇಸ್ ಮಂದವಾಗುತ್ತದೆ, ಹೊಸ ಪದರ ಕೂರುವುದಿಲ್ಲ, ಕೂತಿದ್ದ ತೆಳು ಪದರವೂ ಕರಗುತ್ತದೆ. ಬೆಳಗಿನ ಕೆಲಸ ಅರ್ಧವಾಗುತ್ತದೆ. ಬ್ಲೀಚಿಂಗ್ ಪೌಡರ್ ಬೇಕೇ ಬೇಕೆನಿಸಿದರೆ ನೆಲಕ್ಕೆ ಮಾತ್ರ, ಅದೂ ಹುಳಿ ಹಾಕದ ದಿನ, ಧಾರಾಳ ನೀರು ಹರಿಸಿದ ಮೇಲೆ.

ಬ್ಯಾಕ್ಟೀರಿಯಾ ತುಂಬಿದ ದ್ರಾವಣಗಳೂ ಬಾಟಲಿಯಲ್ಲಿ ಬರುತ್ತಿವೆ. ನಾತದ ಬ್ಯಾಕ್ಟೀರಿಯಾಗಳ ಜಾಗವನ್ನು ನಿರುಪದ್ರವಿ ಬ್ಯಾಕ್ಟೀರಿಯಾಗಳಿಗೆ ಕೊಡಿಸುವುದು ಅವುಗಳ ಉದ್ದೇಶ. ಸ್ವಚ್ಛಮಾಡಿದ ಪೈಪಿನಲ್ಲಿ ಅವು ಕೆಲಸ ಮಾಡುತ್ತವೆ, ಕಲ್ಲನ್ನು ಕರಗಿಸುವುದಿಲ್ಲ. ಅವನ್ನು ಹಾಕಿದ ಮೇಲೆ ಬ್ಲೀಚಿಂಗ್ ಸುರಿದರೆ ಕೊಟ್ಟ ದುಡ್ಡು ನೀರುಪಾಲು.

ನೀರಿನ ಗುಣಕ್ಕೂ ಕಲ್ಲಿಗೂ ನಂಟಿದೆ, ಮತ್ತು ಆ ನಂಟು ನಮ್ಮ ಜಿಲ್ಲೆಯಲ್ಲಿ ಇಪ್ಪತ್ತು ಮೈಲಿಗೊಮ್ಮೆ ಬದಲಾಗುತ್ತದೆ. ಮೂತ್ರದಲ್ಲಿ ಅಮೋನಿಯಾ, ಫಾಸ್ಫೇಟ್ ಬೇಕಾದಷ್ಟು ಇರುತ್ತವೆ; ಸ್ಟ್ರುವೈಟ್ ಆಗಲು ಕೊರತೆ ಬೀಳುವುದು ಮೆಗ್ನೀಸಿಯಂ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 1.3 ಗ್ರಾಂ ಮೆಗ್ನೀಸಿಯಂ ಇದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಯ ಅಳಿವೆಗಳಲ್ಲಿ ಬೇಸಿಗೆಯ ಭರತ ಉಪ್ಪುನೀರನ್ನು ಒಳಕ್ಕೆ ತಳ್ಳುತ್ತದೆ. ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳ ಬದಿಯ ಎಷ್ಟೋ ಬಾವಿಗಳ ನೀರು ಮಾರ್ಚ್ ದಾಟಿದರೆ ಬಾಯಿಗೆ ಇಡಲಾಗುವುದಿಲ್ಲ. “ಕುಡಿಯಲು ಬಾರದು, ಸಂಡಾಸಿಗಾದರೂ ಆಗಲಿ” ಎಂದು ಆ ನೀರನ್ನು ಫ್ಲಶ್ ಟ್ಯಾಂಕಿಗೆ ಏರಿಸುತ್ತಾರೆ. ಸಿಹಿನೀರಿನ ಬರದಲ್ಲಿ ಅದು ತಪ್ಪಲ್ಲ. 1950ರ ದಶಕದ ಕೊನೆಯಿಂದ ಹಾಂಗ್‌ಕಾಂಗ್ ನಗರವೂ ಸಮುದ್ರದ ನೀರಿನಿಂದಲೇ ಫ್ಲಶ್ ಮಾಡುತ್ತಿದೆ. ಆದರೆ ಕಲ್ಲಿಗೆ ಕೊರತೆಯಿದ್ದ ಒಂದೇ ಸಾಮಾನನ್ನು ನಾವು ಒದಗಿಸುತ್ತಿದ್ದೇವೆ ಎಂಬುದು ನೆನಪಿರಬೇಕು. ಕುಮಟೆಯ ಆ ಹೋಟೆಲಿನ ಬೋರ್‌ವೆಲ್ ನೀರನ್ನು ನಾಲಿಗೆಗೆ ಹಚ್ಚಿ ನೋಡಿದೆ, ತುಸು ಉಪ್ಪು. ರಾತ್ರಿಯ ಕೊನೆಯ ಅರ್ಧ ಬಾಲ್ದಿಯಾದರೂ ಸಿಹಿನೀರಿನದ್ದಾಗಿರಲಿ ಎಂದು ಅವರಿಗೆ ಹೇಳಿ ಬಂದೆ. ಮಳೆಗಾಲದಲ್ಲಿ ಮಾಡಿನ ನೀರು ಹಿಡಿದುಕೊಂಡರೆ ಇನ್ನೂ ಒಳ್ಳೆಯದು. ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿನಷ್ಟು ಸುರಿಯುವ ಆ ನೀರಿನಲ್ಲಿ ಕಲ್ಲಾಗುವಂಥದ್ದು ಏನೂ ಇಲ್ಲ.

ಘಟ್ಟದ ಮೇಲಿನ ನೀರು ಬಹುಮಟ್ಟಿಗೆ ಮೆದು. ಆದರೂ ಶಿರಸಿಯ ಒಂದು ವಾಣಿಜ್ಯ ಕಟ್ಟಡದಲ್ಲಿ ಇದಕ್ಕಿಂತ ಗಟ್ಟಿ ಕಲ್ಲು ನೋಡಿದೆ. ಅಲ್ಲಿ ತಪ್ಪಿದ್ದು ಪೈಪಿನ ಇಳಿಜಾರು. ಮೀಟರಿಗೆ ಎರಡೂವರೆ ಸೆಂಟಿಮೀಟರಿನಷ್ಟು ಇಳುಕಲು ಇರಬೇಕಾದ ಪೈಪನ್ನು ಟೈಲ್ಸ್ ಚಂದಕ್ಕೆಂದು ಮಟ್ಟಸವಾಗಿ ಕೂರಿಸಿದ್ದರು. ಹರಿಯಬೇಕಾದದ್ದು ನಿಂತಿತ್ತು. ನಿಂತ ಮೂತ್ರಕ್ಕೆ ಹೊರಗಿನ ಉಪ್ಪಿನ ಹಂಗಿಲ್ಲ, ತನ್ನೊಳಗಿನ ಕ್ಯಾಲ್ಸಿಯಂ ಮೆಗ್ನೀಸಿಯಂ ಅದಕ್ಕೆ ಸಾಕು. ಅಲ್ಲಿ ಯಾವ ಹುಳಿಯೂ ಬಹಳ ದಿನ ನಡೆಯಲಿಲ್ಲ. ಗೋಡೆ ಒಡೆದು ಪೈಪು ಬದಲಾಯಿಸಬೇಕಾಯಿತು.

ಮೂಗನ್ನು ನಂಬಿದರೆ ಎಲ್ಲಿ ಕೈ ಹಾಕಬೇಕೆಂಬುದು ತಿಳಿಯುತ್ತದೆ. ಕಣ್ಣಿಗೂ ಮೂಗಿಗೂ ಚುಚ್ಚುವ ಖಾರದ ವಾಸನೆ ಅಮೋನಿಯಾದ್ದು. ಬೇಸಿನ್ನಿನ ಅಂಚು, ಜಾಲರಿ, ಟ್ರ್ಯಾಪ್ ನೋಡಬೇಕು. ಅದು ಗಾಳಿಗಿಂತ ಹಗುರ, ಹಾಗಾಗಿ ಎಕ್ಸಾಸ್ಟ್ ಫ್ಯಾನ್ ಸೂರಿನ ಹತ್ತಿರ ಇರಬೇಕು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಹೈಡ್ರೋಜನ್ ಸಲ್ಫೈಡ್, ಸೆಪ್ಟಿಕ್ ಟ್ಯಾಂಕಿನಿಂದ ಬಂದದ್ದು. ಎಲ್ಲೋ ಒಂದು ಟ್ರ್ಯಾಪ್ ಒಣಗಿದೆ. ಇವೆರಡೂ ಅಲ್ಲದೆ, ಬೇಸಿನ್ ಬದಲಾಯಿಸಿದರೂ ಹೋಗದ ಮುಗ್ಗಲು ನಾತವಿದ್ದರೆ ನೆಲ ನೋಡಬೇಕು. ಬೇಸಿನ್ನಿನ ಕೆಳಗಿನ ಒಂದು ಚದರ ಅಡಿ ಜಾಗಕ್ಕೆ ಹನಿ ಸಿಡಿಯುತ್ತಲೇ ಇರುತ್ತದೆ. ಟೈಲ್ಸ್ ಸಂದಿನ ಸಿಮೆಂಟ್ ಅದನ್ನು ಹೀರುತ್ತದೆ, ಸಿಮೆಂಟ್ ತಾನೇ ಕ್ಷಾರವಾದ್ದರಿಂದ ಅಮೋನಿಯಾವನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತದೆ. ಅಲ್ಲಿ ತೊಳೆದು ಪ್ರಯೋಜನವಿಲ್ಲ. ಸಂದು ಕೆರೆದು, ನೀರು ಹೀರದ ಎಪಾಕ್ಸಿ ಅಂಟು ತುಂಬಿಸಬೇಕು.

ನಮ್ಮ ಕಡೆಯ ಹಳೆಯ ಕೊಟ್ಟಿಗೆಗಳನ್ನು ನೆನೆಸಿಕೊಂಡರೆ ಆಶ್ಚರ್ಯವಾಗುತ್ತದೆ. ನಾಲ್ಕಾರು ದನ ಕಟ್ಟಿದ ಜಾಗದಲ್ಲಿ ಇಷ್ಟು ನಾತ ಇರುತ್ತಿರಲಿಲ್ಲ. ಸೊಪ್ಪಿನ ಬೆಟ್ಟದಿಂದ ತಂದ ಹಸಿಸೊಪ್ಪು, ದರಕುಗಳನ್ನು (ಒಣ ಎಲೆಗಳನ್ನು) ದಿನವೂ ಹಾಸುತ್ತಿದ್ದರು. ಎಲೆ ಗಂಜಲವನ್ನು ಹೀರಿ, ಅಮೋನಿಯಾವನ್ನು ಹಿಡಿದಿಟ್ಟು, ಅಡಿಕೆ ತೋಟಕ್ಕೆ ಗೊಬ್ಬರವಾಗಿ ಹೋಗುತ್ತಿತ್ತು. ಅಲ್ಲಿ ಮೂತ್ರ ನಿಲ್ಲುತ್ತಿರಲಿಲ್ಲ, ಮುಂದಕ್ಕೆ ಹೋಗುತ್ತಿತ್ತು. ನೀರಿಲ್ಲದ ಯೂರಿನಲ್‌ಗಳೂ ಇದೇ ಹಾದಿಯವು. ಮೂತ್ರ ಕೆಳಗಿಳಿದ ಮೇಲೆ ರಬ್ಬರ್ ಪೊರೆಯೋ, ಹಗುರವಾದ ಎಣ್ಣೆಯ ಪದರವೋ, ದೆಹಲಿಯ ಐಐಟಿಯಲ್ಲಿ ರೂಪುಗೊಂಡ ಝಿರೋಡಾರ್‌ನಂಥ ಸಾಧನವೋ ದಾರಿ ಮುಚ್ಚುತ್ತದೆ. ನೀರು ಸೇರದ್ದರಿಂದ ಹೊರಗಿನ ಕ್ಯಾಲ್ಸಿಯಂ ಮೆಗ್ನೀಸಿಯಂ ಬರುವುದಿಲ್ಲ. ಆದರೆ ಅವಕ್ಕೂ ದಿನವೂ ಒರೆಸುವ ಕೈ ಬೇಕು. “ನೀರೇ ಬೇಡವಂತೆ” ಎಂದು ತಂದು ಹಾಕಿ ಮರೆತುಬಿಟ್ಟ ಕಡೆಗಳಲ್ಲಿ ಅವು ಸಾಮಾನ್ಯ ಬೇಸಿನ್ನಿಗಿಂತ ಬೇಗ ಹಾಳಾಗಿವೆ.

ಮಳೆಗಾಲದಲ್ಲಿ ಗಿರಾಕಿ ಕಡಿಮೆಯಾದಾಗ ಗೋಕರ್ಣ, ಮುರ್ಡೇಶ್ವರ ಕಡೆಯ ಕೆಲವು ಲಾಡ್ಜುಗಳು ಒಂದೊಂದು ಮಹಡಿಯನ್ನೇ ಮುಚ್ಚಿಬಿಡುತ್ತವೆ. ಬೇಸಿಗೆಯಲ್ಲಿ ರಜೆ ಬಿದ್ದ ಶಾಲೆಗಳದೂ ಇದೇ ಪಾಡು. ಟ್ರ್ಯಾಪಿನಲ್ಲಿ ನಿಲ್ಲುವ ಐವತ್ತು ಮಿಲಿಮೀಟರಿನಷ್ಟು ನೀರೇ ಸೆಪ್ಟಿಕ್ ಟ್ಯಾಂಕಿಗೂ ಕೋಣೆಗೂ ನಡುವಿನ ಬಾಗಿಲು. ಬಳಸದೆ ಬಿಟ್ಟರೆ ವಾರಗಳಲ್ಲಿ ಅದು ಆರಿಹೋಗುತ್ತದೆ, ನೆಲದ ನಹಾನಿ ಟ್ರ್ಯಾಪ್ ಇನ್ನೂ ಬೇಗ. ಮುಚ್ಚುವ ಮುನ್ನ ಹುಳಿ ಹಾಕಿ ತೊಳೆದು, ಒಳ್ಳೆಯ ನೀರು ತುಂಬಿಸಿ, ಮೇಲೆ ಎರಡು ಚಮಚ ಎಣ್ಣೆ ಬಿಟ್ಟರೆ ನೀರು ಆವಿಯಾಗುವುದು ಬಹಳ ನಿಧಾನವಾಗುತ್ತದೆ. ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಆದರೆ ಕಮಟು ಹಿಡಿಯುವುದಿಲ್ಲ. ಕರಾವಳಿಯಲ್ಲಿ ಕೈಗೆ ಸಿಗುವುದು ತೆಂಗಿನೆಣ್ಣೆ, ಕಾರವಾರದ ಸೆಕೆಯಲ್ಲಿ ಅದೂ ನಡೆಯುತ್ತದೆ. ಶಿರಸಿಯಲ್ಲಿ ಡಿಸೆಂಬರ್ ತಿಂಗಳಲ್ಲಿ ಮಾತ್ರ ಹಾಕಬೇಡಿ. ರಾತ್ರಿಯ ಚಳಿಗೆ ಅದು ಹೆಪ್ಪುಗಟ್ಟಿ, ರಜೆ ಮುಗಿದು ಬಾಗಿಲು ತೆರೆದ ದಿನ ಜಾಲರಿಯ ಕೆಳಗೆ ಬಿಳಿ ಬಿರಡೆಯಾಗಿ ಕೂತಿರುತ್ತದೆ.